ಗಂಜಿಯಕ್ಕನ ತಮ್ಮನ ಮುಖ

ಆ ಪದಕವನ್ನು ಎದೆಯ ಎಡಗಡೆ ಸಿಕ್ಕಿಸಿಕೊಳ್ಳಬಾರದು ಎಂದು ಆ ಮಹಾನುಭಾವನಿಗೆ ಹೇಳದವರಿಲ್ಲ. ಗೆದ್ದವನೇ ಹಾಕಿಕೊಂಡರೆ ಎಡಕ್ಕೆ, ಗೆದ್ದವನು ತೀರಿಹೋಗಿ ಮನೆಯವರು ಹಾಕಿಕೊಂಡರೆ ಬಲಕ್ಕೆ. ಸೈನ್ಯದವರ ಕಟ್ಟಳೆ ಇಷ್ಟೇ, ಅರ್ಥವಾಗದೆ ಇರೋದಕ್ಕೆ ಅದರಲ್ಲಿ ಏನೂ ಇಲ್ಲ. ಒಂದು ಸಭೆಯಲ್ಲಿ ಹಳೆಯ ಹವಾಲ್ದಾರನೊಬ್ಬ ಕಿವಿಯ ಹತ್ತಿರ ಬಗ್ಗಿ ಮೆತ್ತಗೆ ತಿಳಿಸಿದ. ಮಹಾನುಭಾವ ಅಂಗೈಯನ್ನು ಎಡ ಎದೆಯ ಮೇಲೆ ಇಟ್ಟುಕೊಂಡು, ಮೈಕಿಗೆ ಬೀಳುವಷ್ಟು ಜೋರಾಗಿ, "ನನ್ನ ಮಗ ಇರೋದು ಇಲ್ಲಿ" ಎಂದ. ಜನ ಚಪ್ಪಾಳೆ ತಟ್ಟಿದರು. ಹವಾಲ್ದಾರ ಪಾಪ, ತಪ್ಪು ತನ್ನದೇ ಅನ್ನುವ ಹಾಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ.

ಥೂ, ಇಂಥವರನ್ನು ಕಂಡರೆ ನೆಲಕ್ಕೂ ಅಸಹ್ಯವಾಗಬೇಕು. ಆದರೆ ಈ ಕಥೆ ಅವನದಲ್ಲ. ಅವನ ಕಥೆ ಹೇಳುವುದಕ್ಕೆ ಊರ ತುಂಬ ಮೈಕುಗಳಿವೆ. ಇದು ಅವನ ಮಗಳ ಕಥೆ. ಅವನು ಚಪ್ಪಾಳೆ ಗಿಟ್ಟಿಸುತ್ತಿದ್ದ ಹೊತ್ತಿನಲ್ಲಿ ಅವಳು ದೊಡ್ಡಾಸ್ಪತ್ರೆಯ ಹಿಂಭಾಗದ ಒಗೆಯುವ ಮನೆಯಲ್ಲಿ, ಮೊಣಕೈವರೆಗೆ ಸೋಪಿನ ನೀರಿನಲ್ಲಿ ಇಳಿದಿದ್ದಳು.

ಅವಳನ್ನು ಅಲ್ಲಿ ಎಲ್ಲರೂ ಗಂಜಿಯಕ್ಕ ಅಂತಲೇ ಕರೆಯುತ್ತಿದ್ದರು. ಡಾಕ್ಟರುಗಳ ಬಿಳಿ ಕೋಟುಗಳಿಗೆ ಗಂಜಿ ಹಾಕುವ ಕೆಲಸ ಅವಳದು. ಅವಳು ಗಂಜಿ ಹಾಕಿದ ಕೋಟನ್ನು ಮೂಲೆಯಲ್ಲಿ ನಿಲ್ಲಿಸಿದರೆ ಡಾಕ್ಟರಿಲ್ಲದೆಯೂ ನಿಂತುಕೊಳ್ಳುತ್ತೆ ಅಂತ ವಾರ್ಡಿನ ಆಯಾಗಳು ತಮಾಷೆ ಮಾಡುತ್ತಿದ್ದರು. ಅವಳ ಕತ್ತಿಗೂ ಸ್ವಲ್ಪ ಗಂಜಿ ಬಿದ್ದಿದೆ ಅಂತ ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅದೂ ಸುಳ್ಳಲ್ಲ. ಬಗ್ಗುವ ಹೆಂಗಸಲ್ಲ ಅವಳು. ಬಗ್ಗಿದ್ದರೆ ಈ ಕಥೆ ಬೇರೆ ಥರ ಮುಗಿಯುತ್ತಿತ್ತೇನೋ.

ಅವಳಿಗೆ ಹನ್ನೆರಡು ತುಂಬಿ, ತಮ್ಮ ಇನ್ನೂ ತೊದಲುತ್ತಿದ್ದಾಗ ಅಪ್ಪ ಮನೆ ಬಿಟ್ಟ. ಹೊಲಿಗೆ ಯಂತ್ರದ ಏಜೆಂಟನಾಗಿದ್ದ. ಬಾಯಿ ಅಂದರೆ ಬಾಯಿ, ಕೈಯಿಲ್ಲದವರಿಗೂ ಮಿಷನ್ ಮಾರುವ ಬಾಯಿ. ಬೆಳಿಗ್ಗೆ ಕೂದಲಿಗೆ ಎಣ್ಣೆ ಹಚ್ಚಿ, ಕನ್ನಡಿಯಲ್ಲಿ ತನ್ನ ಗದ್ದದ ಗುಳಿಯನ್ನು ಎರಡು ಸಲ ನೋಡಿಕೊಂಡು, ವಸೂಲಿಗೆ ಹೋಗಿ ಬರ್ತೀನಿ ಅಂತ ಹೋದವನು ಹೋದ. ಬೇರೆ ದೇಶಕ್ಕೇನೂ ಹೋಗಲಿಲ್ಲ. ಅದೇ ಊರಿನ ಆಚೆ ತುದಿಯಲ್ಲಿ ಇನ್ನೊಂದು ಮನೆ ಮಾಡಿದ. ದಾರಿಯಲ್ಲಿ ಹೆಂಡತಿ ಮಕ್ಕಳು ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದ. ಅವರಮ್ಮ ಮಾತ್ರ ಶಾಪ ಹಾಕಲಿಲ್ಲ, ಅಳಲೂ ಇಲ್ಲ. "ಅವರು ಒಂದು ಕಡೆ ನಿಲ್ಲೋ ಗಂಡಸಲ್ಲ, ಬಿಡು" ಎಂದು ಮಗಳಿಗೆ ಹೇಳಿ, ಆಸ್ಪತ್ರೆಯ ಒಗೆಯುವ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಕೆಲವು ವರ್ಷಗಳ ಮೇಲೆ ಎದೆನೋವು ಬಂದು ಅದೇ ಆಸ್ಪತ್ರೆಯಲ್ಲಿ ಸತ್ತಳು. ಅಮ್ಮನ ಹಾಸಿಗೆಯ ಬಟ್ಟೆಯನ್ನು ಮಗಳೇ ಒಗೆದಳು, ಅಮ್ಮನ ಜಾಗಕ್ಕೆ ಮಗಳೇ ನಿಂತಳು.

ತಮ್ಮ ಬೆಳೆದದ್ದು ಆ ಒಗೆಯುವ ಮನೆಯ ಅಂಗಳದಲ್ಲೇ. ಬಾಯ್ಲರಿನ ಬಿಸಿಗೆ ಪುಸ್ತಕ ಹಿಡಿದು ಓದಿದ. ಶಾಲೆಯಿಂದ ಬಂದವನ ಬೆನ್ನಿಗೆ ಅಕ್ಕ ಒದ್ದೆ ಬೆಡ್‌ಶೀಟಿನ ಗಂಟು ಹೊರಿಸುತ್ತಿದ್ದಳು, ಅವನು ಹೊತ್ತುಕೊಂಡು ಹೋಗಿ ತಂತಿಯ ಮೇಲೆ ಹರವುತ್ತಿದ್ದ. ಒದ್ದೆ ಬಟ್ಟೆಯ ಭಾರ ಎತ್ತಿದವರಿಗೇ ಗೊತ್ತು. ಸೊಂಟ ಬಿದ್ದುಹೋಗುತ್ತೆ. ಹುಡುಗ ಗೊಣಗುತ್ತಲೇ ಹೊರುತ್ತಿದ್ದ, ಗೊಣಗುತ್ತಲೇ ಉದ್ದ ಆದ. ಮುಖ ಮಾತ್ರ ಅಮ್ಮನದು. ತುದಿ ಚಪ್ಪಟೆಯಾದ ಅದೇ ಮೂಗು, ಬಾಗಿಲು ತೆರೆದಿಟ್ಟ ಹಾಗೆ ಆಚೆ ನಿಂತ ಅದೇ ಕಿವಿಗಳು, ಇದ್ದೂ ಇಲ್ಲದಂಥ ಪುಟ್ಟ ಗದ್ದ. ಅಪ್ಪನಿಂದ ಒಂದು ಕೂದಲೂ ಬಂದಿರಲಿಲ್ಲ. ಗಂಜಿಯಕ್ಕನಿಗೆ ಲೋಕದಲ್ಲಿ ಇದ್ದ ಒಂದೇ ಸಮಾಧಾನ ಅದು.

ಪರೀಕ್ಷೆ ಬರೆದು ಅವನು ಸೈನ್ಯದ ಅಧಿಕಾರಿಯಾದಾಗ ಇಡೀ ಒಗೆಯುವ ಮನೆಗೆ ಕೋಡು ಬಂತು. ಸೆಕೆಂಡ್ ಲೆಫ್ಟಿನೆಂಟ್. ಅಧಿಕಾರಿಗಳಲ್ಲಿ ಅದಕ್ಕಿಂತ ಕೆಳಗಿನ ಮೆಟ್ಟಿಲಿಲ್ಲ ಅಂತ ಅವನೇ ನಗುತ್ತಿದ್ದ. ಮೊದಲ ರಜೆಗೆ ಬಂದಾಗ ಟೋಪಿ ಕಣ್ಣಿನವರೆಗೆ ಇಳಿಯುತ್ತಿತ್ತು, ಅವನ ತಲೆ ಚಿಕ್ಕದು. ಅಕ್ಕ ಹರಿದ ಬೆಡ್‌ಶೀಟಿನಿಂದ ಒಂದು ಬಿಳಿ ಪಟ್ಟಿ ಕತ್ತರಿಸಿ, ಟೋಪಿಯ ಒಳಗೆ ಸುತ್ತಲೂ ಒತ್ತಾಗಿ ಹೊಲಿದುಕೊಟ್ಟಳು. ಆ ರಜೆಯಲ್ಲೇ ಎಕ್ಸ್‌ರೇ ವಿಭಾಗದವನು ತನ್ನ ಹೊಸ ಕ್ಯಾಮೆರಾ ತಂದು ಒಂದು ಫೋಟೋ ಹೊಡೆದ. ಅಧಿಕಾರಿ ಸಾಹೇಬರು ಬನಿಯನ್ನಿನಲ್ಲಿ, ಹಳೆ ಅಭ್ಯಾಸಬಲದಿಂದ ಒದ್ದೆ ಬೆಡ್‌ಶೀಟನ್ನು ತಂತಿಗೆ ಹಾಕುತ್ತಿದ್ದಾರೆ. ಪಕ್ಕದಿಂದ ತೆಗೆದದ್ದು. ಮೂಗು, ಕಿವಿ, ನಗು, ಎಲ್ಲ ಇದ್ದ ಹಾಗೇ ಬಿದ್ದಿದೆ. ಎಕ್ಸ್‌ರೇಯವನು ಆಮೇಲೆ ಬೇರೆ ಊರಿಗೆ ವರ್ಗವಾಗಿ ಹೋದ, ಅದರ ರೀಲು ಎಲ್ಲಿ ಹಾಳಾಯಿತೋ. ಇದ್ದದ್ದು ಅದೊಂದೇ ಪ್ರತಿ. ಅದನ್ನವಳು ಟೀಪುಡಿಯ ಹಳೆ ಡಬ್ಬಿಯಲ್ಲಿ, ಅಮ್ಮನ ಕನ್ನಡಕದ ಜೊತೆ ಇಟ್ಟಿದ್ದಳು.

ಅಷ್ಟರಲ್ಲಿ ಗಡಿಯಲ್ಲಿ ಯುದ್ಧ ಹತ್ತಿಕೊಂಡಿತು. ಗಾಯಾಳುಗಳ ರೈಲು ಬರತೊಡಗಿದ ಮೇಲೆ ದೊಡ್ಡಾಸ್ಪತ್ರೆಯ ಬೆಡ್‌ಶೀಟುಗಳು ಗುಡ್ಡೆಗುಡ್ಡೆಯಾಗಿ ಬಂದವು. ರಕ್ತದ ಕಲೆಗೆ ಬಿಸಿನೀರು ಹಾಕಬಾರದು, ಹಾಕಿದರೆ ಕಲೆ ಕಚ್ಚಿಕೊಂಡುಬಿಡುತ್ತೆ, ತಣ್ಣೀರಿನಲ್ಲೇ ನೆನೆಸಬೇಕು. ಇಡೀ ಚಳಿಗಾಲ ಗಂಜಿಯಕ್ಕನ ಕೈ ತಣ್ಣೀರಿನಲ್ಲಿತ್ತು. ಯಾರ ಮನೆ ಹುಡುಗರೋ ಅಂದುಕೊಂಡು ಉಜ್ಜುತ್ತಿದ್ದಳು. ತನ್ನ ಮನೆಯ ಹುಡುಗ ಸತ್ತದ್ದು ಮಾತ್ರ ಅವಳಿಗೆ ಪೇಪರಿನಿಂದ ತಿಳಿಯಿತು. ಇಸ್ತ್ರಿ ಮಾಡುವವಳು ಪೇಪರು ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ.

ಸೈನ್ಯದಿಂದ ತಂತಿ ಸಂದೇಶ ಬಂದಿತ್ತು, ಆದರೆ ಅಪ್ಪನಿಗೆ. ಮದುವೆಯಾಗದ ಅಧಿಕಾರಿ, ತಾಯಿ ಇಲ್ಲ, ಹಾಗಾದರೆ ಹತ್ತಿರದ ಬಂಧು ತಂದೆ. ನಿಯಮ. ಸಾಕಿದವಳಿಗೆ ಅದರಲ್ಲಿ ಜಾಗ ಇರಲಿಲ್ಲ. ಎಂಜಲು ಕೈಯಲ್ಲಿ ಕಾಗೆ ಓಡಿಸದ ಆ ಮನುಷ್ಯ, ಮಗನ ಹಾಲಿಗೆ ಒಂದು ದಿನ ದುಡ್ಡು ಕೊಡದವನು, ಈಗ ವೀರನ ತಂದೆ. ಶವ ಊರಿಗೆ ಬರಲಿಲ್ಲ, ಅಲ್ಲೇ ಗಡಿಯ ನದಿಯೊಂದರ ದಂಡೆಯಲ್ಲಿ ಮಣ್ಣು ಮಾಡಿದರು. ಊರಿಗೆ ಬಂದದ್ದು ಅವನ ಟ್ರಂಕು. ಅದೂ ಆಚೆ ತುದಿಯ ಮನೆಗೆ ಹೋಯಿತು.

ಗಂಜಿಯಕ್ಕ ಹುಟ್ಟಿದ ಮೇಲೆ ಮೊದಲ ಸಲ ಆ ಮನೆಯ ಬಾಗಿಲು ತಟ್ಟಿದಳು. ಅಪ್ಪ ಅಂತ ಕರೆಯಲಿಲ್ಲ, ನೀನು ನೀವು ಅಂತಲೂ ಅನ್ನಲಿಲ್ಲ. ಟ್ರಂಕು ಬೇಕು ಎಂದಳು ಅಷ್ಟೆ. ಅವನು ಟೀ ಕುಡಿ ಅಂದ, ಕೂತ್ಕೋ ಅಂದ, ಕಣ್ಣೊರೆಸಿಕೊಂಡ. ಬರುವ ವಾರ ತಾನೇ ಹೊತ್ತುಕೊಂಡು ಬಂದು ಕೊಡುತ್ತೇನೆ, ಪೇಪರಿನವರು ಒಂದು ಸಲ ನೋಡಬೇಕು ಅಂತಿದ್ದಾರೆ ಅಂದ. ಆ ಬರುವ ವಾರ ಇವತ್ತಿಗೂ ಬಂದಿಲ್ಲ.

ಪದಕ ಘೋಷಣೆಯಾದದ್ದು ಅದಾದ ಮೇಲೆ. ಶತ್ರುವಿನ ಗುಂಡಿನ ಎದುರು ಅಸಾಧಾರಣ ಶೌರ್ಯ ತೋರಿದ ಕಿರಿಯ ಅಧಿಕಾರಿಗೆ, ಮರಣೋತ್ತರವಾಗಿ. ರಾಜಧಾನಿಯ ದೊಡ್ಡ ಹಜಾರದಲ್ಲಿ ಸಮಾರಂಭ. ಮಹಾನುಭಾವ ಹೊಸ ಕೋಟು ಹೊಲಿಸಿಕೊಂಡು, ಕೂದಲಿಗೆ ಬಣ್ಣ ಹಚ್ಚಿಕೊಂಡು ಹೋಗಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಈಸಿಕೊಂಡ. ಕೊಟ್ಟವರು ಭುಜ ತಟ್ಟಿದರಂತೆ. ಗೆದ್ದೆತ್ತಿನ ಬಾಲ ಹಿಡಿಯುವವರು ಎಲ್ಲ ಕಾಲದಲ್ಲೂ ಇದ್ದಾರೆ, ಸರಿ. ಆದರೆ ಗೆದ್ದ ಎತ್ತು ಸತ್ತು ಬಿದ್ದ ಮೇಲೂ ಬಾಲ ಬಿಡದವನನ್ನು ನಾನು ಕಂಡದ್ದು ಇವನೊಬ್ಬನನ್ನೇ.

ಏನಾಯಿತು ಅನ್ನುವುದನ್ನು ಗಂಜಿಯಕ್ಕನಿಗೆ ಹೇಳಿದವನು ವೈರ್‌ಲೆಸ್‌ನವನು. ತಮ್ಮನ ತುಕಡಿಯಲ್ಲಿ ವೈರ್‌ಲೆಸ್ ಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಿದ್ದ ಸಿಪಾಯಿ. ಒಂದು ಕಾಲು ಕಳೆದುಕೊಂಡು, ಊರುಗೋಲು ಊರಿಕೊಂಡು, ಅವಳ ಮನೆ ಹುಡುಕಿಕೊಂಡು ಬಂದ. ಮೊದಲು ಅಪ್ಪನ ಮನೆಗೆ ಹೋಗಿದ್ದನಂತೆ, ವಿಳಾಸ ಇದ್ದದ್ದು ಅದೇ. ಅಲ್ಲಿ ಇವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿದರು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು, ಕಳಿಸಿದರು. ಆದರೆ ಸಾಹೇಬರು ಯಾವಾಗಲೂ ಅಕ್ಕ ಅಕ್ಕ ಅನ್ನುತ್ತಿದ್ದರಲ್ಲ, ಅಪ್ಪನ ಹೆಸರನ್ನೇ ಎತ್ತುತ್ತಿರಲಿಲ್ಲವಲ್ಲ ಅಂತ ಅವನಿಗೆ ಅನುಮಾನ ಬಂದು, ಕೇಳಿಕೊಂಡು ಕೇಳಿಕೊಂಡು ಆಸ್ಪತ್ರೆಯ ಬಾಗಿಲಿಗೆ ಬಂದಿದ್ದ.

ಸೇತುವೆ ಮುರಿದುಬಿದ್ದಿತ್ತಂತೆ. ನದಿಯ ಆಚೆ ದಂಡೆಯಿಂದ ಹಿಂದಕ್ಕೆ ಬನ್ನಿ ಅಂತ ಆಜ್ಞೆ ಆಗಿತ್ತು, ಮೂವರನ್ನು ಬಿಟ್ಟು ಎಲ್ಲರೂ ದಾಟಿ ಈಚೆ ಬಂದಿದ್ದರು. ಈ ವೈರ್‌ಲೆಸ್‌ನವನು ಬಯಲಿನಲ್ಲಿ ಕಾಲಿಗೆ ಗುಂಡು ಬಿದ್ದು ಆಚೆಯೇ ಉಳಿದಿದ್ದ, ಇನ್ನಿಬ್ಬರು ಅವನಿಗಿಂತ ದೂರದಲ್ಲಿ. ಲೆಫ್ಟಿನೆಂಟ್ ದಾಟಿ ಬಂದವನು ಮತ್ತೆ ನೀರಿಗಿಳಿದು ಹೋದ. ಇವನನ್ನು ಬೆನ್ನಿಗೆ ಹಾಕಿಕೊಂಡು, ಗುಂಡು ಹಾರುತ್ತಿರುವಾಗಲೇ, ಗೊಣಗುತ್ತ ನಡೆದ. ಭಾರ ಆಗ್ತೀನಿ ಸರ್, ಬಿಟ್ಟುಬಿಡಿ ಅಂತ ಇವನು ಅಂದಾಗ ಅವನು ಹೇಳಿದ್ದನ್ನು ಆ ಸಿಪಾಯಿ ಅಕ್ಕನಿಗೆ ಅಕ್ಷರ ಬಿಡದೆ ಹೇಳಿದ: "ನಮ್ಮಕ್ಕ ಹೊರಿಸ್ತಿದ್ದ ಒದ್ದೆ ಬೆಡ್‌ಶೀಟ್ ಗಂಟಿಗಿಂತ ನೀನು ಹಗುರ ಕಣೋ. ಸುಮ್ನಿರು."

ಅವನನ್ನು ಈಚೆ ಮಲಗಿಸಿ, ಎರಡನೆಯವನನ್ನು ತಂದ. ಮೂರನೆಯವನಿಗಾಗಿ ಹೋದವನು ಬರಲಿಲ್ಲ.

ಗಂಜಿಯಕ್ಕ ಆವತ್ತು ಅತ್ತಳು. ಅಮ್ಮ ಸತ್ತಾಗ ಅಳದವಳು, ಪೇಪರು ನೋಡಿದಾಗ ಅಳದವಳು, ಅವನ ಊರುಗೋಲು ಹಿಡಿದುಕೊಂಡು ಅತ್ತಳು. ಆಮೇಲೆ ಡಬ್ಬಿ ತೆಗೆದು ಫೋಟೋ ತೋರಿಸಿದಳು. ಅವನು ಬಹಳ ಹೊತ್ತು ಅದನ್ನು ಹಿಡಿದುಕೊಂಡು ಕೂತಿದ್ದ. ಅಂದಿನಿಂದ ಅವನು ಆಗಾಗ ಬಂದು ಹೋಗುವ ತಮ್ಮನಾದ.

ಇತ್ತ ಮಹಾನುಭಾವ ವೃತ್ತಿಗೆ ಇಳಿದ. ವೃತ್ತಿ ಅಂತಲೇ ಅನ್ನಬೇಕು, ಬೇರೆ ಮಾತಿಲ್ಲ. ಹೊಲಿಗೆ ಯಂತ್ರ ಮಾರುವುದನ್ನು ಬಿಟ್ಟು ಮಗನನ್ನು ಮಾರತೊಡಗಿದ. ಶಾಲೆಯ ವಾರ್ಷಿಕೋತ್ಸವ, ಅಂಗಡಿ ಉದ್ಘಾಟನೆ, ಕ್ರೀಡಾಕೂಟ, ಎಲ್ಲಿ ಕುರ್ಚಿ ಹಾಕಿದರೂ ಅದರಲ್ಲಿ ಇವನು. ಎಡ ಎದೆಯಲ್ಲಿ ಪದಕ. ವರ್ಷ ಕಳೆದ ಹಾಗೆ ಯುದ್ಧ ಮಾಡಿದವನು ಯಾರು ಅನ್ನುವುದು ಕೇಳುವವರಿಗೂ ಮರೆತುಹೋಯಿತು. ಕೆಲವರು ಇವನನ್ನೇ ಕ್ಯಾಪ್ಟನ್ ಸಾಹೇಬ್ರೇ ಅನ್ನತೊಡಗಿದರು, ಇವನು ಅಲ್ಲ ಅನ್ನಲಿಲ್ಲ. ಒಂದು ಸಲ ಅವನ ಭಾಷಣ ಆಸ್ಪತ್ರೆಯ ಅಂಗಳದಲ್ಲೇ ಏರ್ಪಾಡಾಯಿತು. ಒಗೆಯುವ ಮನೆಯ ಕಿಟಕಿಗೆ ಎಲ್ಲವೂ ಕೇಳಿಸುತ್ತಿತ್ತು. ಗಂಜಿ ಕಲಕುತ್ತಿದ್ದ ಅವಳ ಕಿವಿಗೆ ಬಿತ್ತು: "ಗಾಯಾಳುವನ್ನು ಹೊತ್ತಾಗ ನನ್ನ ಮಗ ಹೇಳಿದ ಮಾತೇನು ಗೊತ್ತಾ? ನಮ್ಮಪ್ಪ ಹೊರಿಸ್ತಿದ್ದ ಭಾರಕ್ಕಿಂತ ನೀನು ಹಗುರ ಕಣೋ!"

ಟ್ರಂಕು ತಗೊಂಡ, ಪದಕ ತಗೊಂಡ, ಹೋಗಲಿ. ಸಾಯುವವನ ಬಾಯಿಂದ ಅವಳ ಹೆಸರನ್ನೂ ಕಿತ್ತು ತನ್ನದು ಹಾಕಿಕೊಂಡನಲ್ಲ. ಕಲಕುವ ಕೋಲನ್ನು ಹಾಗೇ ಬಿಟ್ಟು ಹೊರಗೆ ಬಂದು ಮೋರಿಯ ಹತ್ತಿರ ಕೂತಳು. ಆವತ್ತು ಹಾಕಿದ ಗಂಜಿ ಗಂಟುಕಟ್ಟಿ, ಡಾಕ್ಟರುಗಳ ಕೋಟಿನ ಮೇಲೆಲ್ಲ ಬಿಳಿ ಚುಕ್ಕೆ ಎದ್ದು, ಮೇಲಿನವರಿಂದ ಬೈಸಿಕೊಂಡಳು. ಆವತ್ತೇ ಅವಳು ಒಂದು ನಿರ್ಧಾರ ಮಾಡಿದಳು. ಇನ್ನು ಅವಳ ಹತ್ತಿರ ಉಳಿದಿರುವುದು ತಮ್ಮನ ಮುಖ ಒಂದೇ. ಅದು ಈ ಮನುಷ್ಯನ ಕೈಗೆ ಸಿಗಬಾರದು.

ಆಗ ಬಂತು ನೋಡಿ ಪ್ರತಿಮೆಯ ಮಾತು. ದೊಡ್ಡಾಸ್ಪತ್ರೆಯ ಎದುರಿನ ನಾಲ್ಕು ರಸ್ತೆ ಕೂಡುವ ಜಾಗದಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ, ವೀರ ಲೆಫ್ಟಿನೆಂಟನ ಕಂಚಿನ ಪ್ರತಿಮೆ ನಿಲ್ಲಿಸುವುದು ಅಂತ ಊರಿನವರ ಸಮಿತಿ ತೀರ್ಮಾನ ಮಾಡಿತು. ಸಮಿತಿಯ ಅಧ್ಯಕ್ಷರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಪ್ರತಿಮೆ ಮಾಡುವ ಶಿಲ್ಪಿ ಒಳ್ಳೆಯ ಮನುಷ್ಯ, ಉಗುರಿನ ಸಂದಿಯಲ್ಲಿ ಮಣ್ಣು, ಮೆತ್ತಗಿನ ಮಾತು. ಅವನಿಗೆ ಸೈನ್ಯದಿಂದ ಬಂದದ್ದು ಗುರುತಿನ ಚೀಟಿಯ ಸಣ್ಣ ಫೋಟೋ, ಟೋಪಿಯ ನೆರಳು ಮೂಗಿನವರೆಗೆ ಬಿದ್ದದ್ದು. ಮುಂದಿನ ಮುಖ ಹೇಗೋ ಆಯಿತು, ಪಕ್ಕದ ಮುಖ ಬೇಕಲ್ಲ. ಪಕ್ಕದ ಮುಖ ಇಲ್ಲದೆ ಮೂಗು ಎಷ್ಟು ಎದ್ದಿದೆ, ಗದ್ದ ಎಲ್ಲಿ ನಿಲ್ಲುತ್ತೆ ಅಂತ ಗೊತ್ತಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಅವನ ಕಸುಬಿನವರು ರಕ್ತಸಂಬಂಧಿ ಒಬ್ಬರನ್ನು ಎದುರು ಕೂರಿಸಿಕೊಂಡು, ಅವರನ್ನು ನೋಡಿ ಮಣ್ಣು ತಿದ್ದುತ್ತಾರಂತೆ.

ಶಿಲ್ಪಿ ಗಂಜಿಯಕ್ಕನ ಮನೆಗೆ ಬಂದು ಕೈಮುಗಿದು ಕೇಳಿದ. ಪಕ್ಕದಿಂದ ತೆಗೆದ ಫೋಟೋ ನಿಮ್ಮ ಹತ್ತಿರ ಇದೆಯಂತೆ, ಕೊಡಿ, ಪ್ರತಿ ತೆಗೆಸಿ ನಾಳೆಯೇ ವಾಪಸು ತಂದುಕೊಡುತ್ತೇನೆ ಅಂದ. ಅವಳು ಒಳಗೆ ಹೋಗಲು ತಿರುಗಿದವಳು, ಯಾರು ಹೇಳಿದರು ಅಂತ ಕೇಳಿದಳು. ನಿಮ್ಮ ತಂದೆಯವರೇ ಕಳಿಸಿದರು ಅಂದ ಪಾಪ, ಸುಳ್ಳು ಹೇಳಲು ಬಾರದವನು. ಸಿಪಾಯಿ ಮೊದಲ ಸಲ ಬಂದಾಗ ಕಂಡ ಫೋಟೋದ ಸುದ್ದಿ ಹೇಗೋ ಅಲ್ಲಿಯವರೆಗೆ ಹೋಗಿತ್ತು. ಅವಳು ಬಾಗಿಲು ಹಾಕಿಕೊಂಡಳು. ಟ್ರಂಕು ಬರುವ ವಾರ, ಫೋಟೋ ನಾಳೆ. ಈ ಮನೆತನದ ವಾರಗಳನ್ನೂ ನಾಳೆಗಳನ್ನೂ ಅವಳು ಕಂಡಿದ್ದಳು.

ಅವಳ ಮನಸ್ಸು ತಿರುಗಿಸಿದವನು ವೈರ್‌ಲೆಸ್‌ನವನು. ಅವನಿಗೆ ಆ ಹೊತ್ತಿಗೆ ಮದುವೆಯಾಗಿತ್ತು. ಪ್ರತಿಮೆ ನಿಲ್ಲುವ ದಿನ ಹೆಂಡತಿಯನ್ನು ಕರೆದುಕೊಂಡು ಬಂದು, ನನ್ನನ್ನು ಹೊತ್ತವರು ಇವರೇ ಅಂತ ತೋರಿಸಬೇಕು ಅಂದ. "ಅಕ್ಕಾ, ನಂಗೂ ಅವರ ಮುಖ ಮಸುಕಾಗ್ತಾ ಇದೆ. ಡಬ್ಬೀಲಿ ಇಟ್ರೆ ನಾವಿಬ್ರು ಹೋದ್ಮೇಲೆ ಅದನ್ನ ನೋಡೋರು ಯಾರು?" ಎಂದ. ಮಾರನೆಯ ದಿನ ಅವಳು ಬೆಳಿಗ್ಗೆ ಎದ್ದು, ಕೆಲಸಕ್ಕೆ ಅರ್ಧ ದಿನ ರಜೆ ಹೇಳಿ, ಡಬ್ಬಿಯಿಂದ ಫೋಟೋ ತೆಗೆದು ಕರವಸ್ತ್ರದಲ್ಲಿ ಸುತ್ತಿ, ಕೈಚೀಲದಲ್ಲಿ ಇಟ್ಟುಕೊಂಡು ಶಿಲ್ಪಿಯ ಶೆಡ್ಡಿಗೆ ನಡೆದಳು.

ತಗಡಿನ ಶೆಡ್ಡು. ಬಾಗಿಲು ತೆರೆದೇ ಇತ್ತು. ಮಧ್ಯದಲ್ಲಿ ಹಸಿ ಮಣ್ಣಿನ ತಲೆ, ಮೈಗೆ ಒದ್ದೆ ಗೋಣಿ. ಎದುರಿನ ಎತ್ತರದ ಸ್ಟೂಲಿನ ಮೇಲೆ ಅವಳ ಅಪ್ಪ ಕೂತಿದ್ದ, ಗದ್ದ ಎತ್ತಿ, ಪಕ್ಕಕ್ಕೆ ತಿರುಗಿ. ಎಡ ಎದೆಯಲ್ಲಿ ಪದಕ. ತಲೆಯ ಮೇಲೆ ಟ್ರಂಕಿನಿಂದ ತೆಗೆದ ತಮ್ಮನ ಟೋಪಿ.

ಶಿಲ್ಪಿ ಅವಳನ್ನು ಕಂಡು ಮುಖ ಅರಳಿಸಿದ. ಫೋಟೋ ತಂದಿರಾ ಅಮ್ಮಾ, ಮಣ್ಣು ಇನ್ನೂ ಹಸಿಯಾಗಿದೆ, ಇವತ್ತೇ ಕೊಟ್ಟರೆ ಎಲ್ಲ ತಿದ್ದಿಬಿಡುತ್ತೇನೆ ಅಂದ. ಅವಳ ಕೈ ಚೀಲದೊಳಗೆ ಹೋಗಿತ್ತು, ಕರವಸ್ತ್ರದ ಗಂಟೂ ಸಿಕ್ಕಿತ್ತು. ಆಗ ಸ್ಟೂಲಿನ ಮೇಲಿನವನು ಅಲ್ಲಾಡದೆಯೇ, "ಬಾ ಮಗಳೇ. ತಂದಿದ್ರೆ ಅಲ್ಲಿಡು. ಆದ್ರೂ ಈಗ ಅದು ಬೇಕಾಗಿಲ್ಲ, ಎಲ್ಲಾ ನನ್ನ ಮುಖದಲ್ಲೇ ಇದೆ" ಎಂದ. ಎಂದವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಟೋಪಿಯ ಒಳಗೆ ಸುತ್ತಲೂ ದಾರದ ತುದಿಗಳು ನೇತಾಡುತ್ತಿದ್ದವು. ಅವಳು ಹೊಲಿದ ಪಟ್ಟಿ ಇರಲಿಲ್ಲ. ಮಹಾನುಭಾವನ ಬುರುಡೆ ದಪ್ಪ, ಪಟ್ಟಿ ಇದ್ದರೆ ಟೋಪಿ ಕೂರುವುದಿಲ್ಲ, ಕಿತ್ತು ಹಾಕಿದ್ದ. ಕಿತ್ತ ಪಟ್ಟಿಯನ್ನು ಎಸೆದಿರಲೂ ಇಲ್ಲ. ಅದು ಅವನ ಕೈಯಲ್ಲೇ ಇತ್ತು. ಮಾತಾಡುತ್ತಾ ಮಾತಾಡುತ್ತಾ ಅದಕ್ಕೆ ಉಗುಳು ಹಚ್ಚಿ ಪದಕವನ್ನು ಉಜ್ಜಿಕೊಳ್ಳುತ್ತಿದ್ದ.

ಗಂಜಿಯಕ್ಕ ಚೀಲದಿಂದ ಬರಿಗೈ ಹೊರಗೆ ತೆಗೆದಳು. ಆ ಫೋಟೋ ಆ ಗಾಳಿಯಲ್ಲಿ ಇಷ್ಟೇ ಇಷ್ಟು ಹೊತ್ತು ಇದ್ದರೂ ಮೈಲಿಗೆಯಾದೀತು ಅನ್ನಿಸಿತು ಅವಳಿಗೆ. ಹೊಸ್ತಿಲ ಆಚೆ ಉಗುಳಿ, ತಿರುಗಿ ನಡೆದಳು. ಶಿಲ್ಪಿ ಅಮ್ಮಾ ಅಮ್ಮಾ ಅಂತ ಗೇಟಿನವರೆಗೆ ಬಂದ. ಅವಳ ಕಾಲು ನಿಲ್ಲಲಿಲ್ಲ.

ಬುದ್ಧಿವಂತೆಯಾಗಿದ್ದರೆ ಕೊಟ್ಟು ಬರುತ್ತಿದ್ದಳು ಅಂತ ನೀವು ಅನ್ನಬಹುದು. ಅನ್ನಿ. ನೀವು ಆ ಪಟ್ಟಿ ಹೊಲಿದವರಲ್ಲ. ಅವಳಿಗೂ ಗೊತ್ತಿತ್ತು, ಮಣ್ಣು ಹಸಿಯಾಗಿರುವವರೆಗೆ ಮಾತ್ರ ಸಮಯ ಅಂತ. ನಾಳೆ ಹೋಗುತ್ತೇನೆ, ಅವನು ಇಲ್ಲದ ಹೊತ್ತು ನೋಡಿ ಹೋಗುತ್ತೇನೆ ಅಂತ ದಿನಾ ಫೋಟೋ ಚೀಲದಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಹೋದಳು. ದಿನಾ ಆ ಉಗುಳು ಹಚ್ಚಿದ ಪಟ್ಟಿ ಕಣ್ಣ ಮುಂದೆ ಬಂದು, ಕಾಲು ಮನೆ ಕಡೆಗೇ ತಿರುಗಿತು. ಕೊನೆಗೆ ಗಟ್ಟಿ ಮನಸ್ಸು ಮಾಡಿ ಹೋದ ದಿನ ಶೆಡ್ಡಿಗೆ ಬೀಗ. ಪಕ್ಕದ ಬಡಗಿ ಹೇಳಿದ, ಅಚ್ಚು ತೆಗೆದು ಎರಕ ಹೊಯ್ಯುವವರ ಹತ್ತಿರ ಹೋಯಿತಲ್ಲ ಅಂತ.

ಅನಾವರಣದ ದಿನ ನಾಲ್ಕು ರಸ್ತೆಯನ್ನೂ ಕಟ್ಟಿದ್ದರು. ಬ್ಯಾಂಡು, ಕುರ್ಚಿ, ಶಾಲೆಮಕ್ಕಳು. ಗಂಜಿಯಕ್ಕ ಬರುವುದಿಲ್ಲ ಅಂತಿದ್ದಳು, ಆದರೆ ವೈರ್‌ಲೆಸ್‌ನವನು ಹೆಂಡತಿಯನ್ನು ಕರೆದುಕೊಂಡು ಅಷ್ಟು ದೂರದಿಂದ ಬಂದಿದ್ದ, ಅವನನ್ನು ಒಬ್ಬನೇ ಬಿಡಲಾಗಲಿಲ್ಲ. ಮೂವರೂ ಬಸ್ ನಿಲ್ದಾಣದ ಕಂಬದ ಹತ್ತಿರ ನಿಂತರು. ಅವನು ಹಳೆ ಸಮವಸ್ತ್ರ ಹಾಕಿಕೊಂಡಿದ್ದ, ಅಕ್ಕನೇ ಹಿಂದಿನ ದಿನ ಅದಕ್ಕೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟಿದ್ದಳು. ಫೋಟೋ ಕೊಟ್ಟೆಯಾ ಅಕ್ಕಾ ಅಂತ ಅವನು ಬಂದ ಕೂಡಲೇ ಕೇಳಿದ್ದ. ಅವಳು ಆ ಮಾತು ಹಾರಿಸಿ ನೀರು ಬೇಕಾ ಅಂತ ಕೇಳಿದ್ದಳು.

ಬಟ್ಟೆ ಸರಿಯಿತು. ಜನ ಹೋ ಎಂದರು.

ಶಿಲ್ಪಿಯ ಕೈಯಲ್ಲಿ ದೋಷ ಇರಲಿಲ್ಲ, ಅದನ್ನು ಒಪ್ಪಬೇಕು. ಗುಂಡಿಗಳು, ಭುಜದ ನಕ್ಷತ್ರ, ಎದೆಯ ಪದಕ, ಎಲ್ಲ ಇದ್ದಂತೆಯೇ ಇತ್ತು. ಟೋಪಿಯ ಕೆಳಗೆ ಉದ್ದ ಮೂಗು, ತಲೆಗೆ ಅಂಟಿದ ಕಿವಿ, ಅಗಲ ದವಡೆ. ಗದ್ದದ ನಡುವೆ ಗುಳಿ. ಕೆಳಗೆ ಕಲ್ಲಿನಲ್ಲಿ ತಮ್ಮನ ಹೆಸರು. ವೇದಿಕೆಯ ಮೇಲೆ ಮಹಾನುಭಾವ ಪ್ರತಿಮೆಯ ಕಡೆಗೇ ಮುಖ ಮಾಡಿ, ಅದೇ ಭಂಗಿಯಲ್ಲಿ ಗದ್ದ ಎತ್ತಿ ನಿಂತ. ಎಂಥ ಹೋಲಿಕೆ, ಅಪ್ಪ ಮಗ ಒಂದೇ ಅಚ್ಚು ಅಂತ ಪಕ್ಕದಲ್ಲಿ ಯಾರೋ ಅಂದರು. ಮೈಕಿನಲ್ಲಿ ಅವನ ದನಿ ಶುರುವಾಯಿತು, ಭಾರ ಹೊರಿಸಿದ ಕಥೆಯಿಂದಲೇ.

ವೈರ್‌ಲೆಸ್‌ನವನು ಊರುಗೋಲನ್ನು ಹೆಂಡತಿಯ ಕೈಗೆ ಕೊಟ್ಟು, ಕಂಬಕ್ಕೆ ಒರಗಿ ನೆಟ್ಟಗಾಗಿ, ಸೆಲ್ಯೂಟಿಗೆ ಕೈ ಎತ್ತಿದ್ದ. ಕೈ ಹಣೆಯವರೆಗೆ ಹೋಗಲಿಲ್ಲ. ಅರ್ಧಕ್ಕೆ ನಿಂತಿತು. ಅವನು ಕಣ್ಣು ಕಿರಿದು ಮಾಡಿ ನೋಡಿದ, ಕೈ ಮೆಲ್ಲಗೆ ಕೆಳಗಿಳಿಯಿತು. ತನ್ನ ನೆನಪೇ ಕೆಟ್ಟಿರಬೇಕು ಅಂತ ಹೆದರಿದವನ ಹಾಗೆ ಅವನು ಅಕ್ಕನ ಕಡೆ ತಿರುಗಿದ.

"ಅಕ್ಕಾ, ಇದು ನಮ್ಮ ಸಾಹೇಬ್ರಲ್ಲ."

ಅವಳು ಚೀಲದಿಂದ ಕರವಸ್ತ್ರ ತೆಗೆದು, ಬಿಚ್ಚಿ, ಫೋಟೋವನ್ನು ಅವನ ಹೆಂಡತಿಯ ಕೈಯಲ್ಲಿಟ್ಟಳು. ಇವನು ಕಣಮ್ಮಾ ನಿನ್ನ ಗಂಡನ್ನ ಹೊತ್ತವನು, ಚೆನ್ನಾಗಿ ನೋಡಿಕೋ ಅಂದಳು. ಆ ಹುಡುಗಿ ಬನಿಯನ್ನಿನಲ್ಲಿ ಬೆಡ್‌ಶೀಟು ಹರವುತ್ತಾ ನಗುತ್ತಿದ್ದವನನ್ನು ನೋಡಿದಳು, ತಲೆಯೆತ್ತಿ ಕಂಚಿನವನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಅವಳಿಗೆ ತಿಳಿಯಲಿಲ್ಲ. ಸಿಪಾಯಿಯೇ ಕೇಳಿದ, ಹಾಗಾದ್ರೆ ಅಲ್ಲಿ ಮೇಲಿರೋದು ಯಾರಕ್ಕಾ ಅಂತ.

ಗಂಜಿಯಕ್ಕ ಪ್ರತಿಮೆಯನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದಳು. ಬುಡವನ್ನು ಸಿಮೆಂಟಿನಲ್ಲಿ ಕೂರಿಸಿ, ದಪ್ಪ ಬೋಲ್ಟು ಹಾಕಿ ಬಿಗಿದಿದ್ದರು.

"ನಮ್ಮಪ್ಪ," ಎಂದಳು. "ಕೊನೆಗೂ ಒಂದು ಕಡೆ ನಿಂತ."